ನೇಮ್‌ಡಿ ಓಡುತ್ತಿದೆ, ಉತ್ತರ ಬರುತ್ತಿಲ್ಲ: ಡಿಎನ್‌ಎಸ್ ಪ್ರಶ್ನೋತ್ತರ, ಮಾರ್ಚ್ 2024

ಹುಬ್ಬಳ್ಳಿಯ ಸದಸ್ಯ: ಮೇಡಂ, ನಮಸ್ಕಾರ. ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ನಮ್ಮ ಕಾಲೇಜಿನ ಡಿಎನ್‌ಎಸ್ ಸರ್ವರ್‌ನಲ್ಲಿ, ಅಂದರೆ ರಿಸಾಲ್ವರ್‌ನಲ್ಲಿ, ಇರುವ ತಂತ್ರಾಂಶ ಬೈಂಡ್ 9.16.44, ಸೋರ್ಸ್‌ನಿಂದ ನಾವೇ ಕಂಪೈಲ್ ಮಾಡಿದ್ದು. ಕಳೆದ ವಾರ ಎರಡು ಸಲ ಇಡೀ ಕ್ಯಾಂಪಸ್ಸಿನಲ್ಲಿ ಒಂದು ಜಾಲತಾಣವೂ ತೆರೆಯಲಿಲ್ಲ. ಬೈಂಡ್‌ನ ಮುಖ್ಯ ಪ್ರೋಸೆಸ್ ನೇಮ್‌ಡಿ ಓಡುತ್ತಲೇ ಇತ್ತು, ಸಿಪಿಯು ಮೇಲೇರಿ ನಿಂತಿತ್ತು, ಲಾಗ್‌ನಲ್ಲಿ ದೋಷದ ಸಾಲು ಒಂದೂ ಇರಲಿಲ್ಲ, ಹೊರಗಿನಿಂದ ಹೆಚ್ಚಿನ ಟ್ರಾಫಿಕ್ ಬಂದ ಗುರುತೂ ಇರಲಿಲ್ಲ. ಉತ್ತರ ನಕಲಿಯಲ್ಲವೆಂದು ಡಿಜಿಟಲ್ ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್ ಪರಿಶೀಲನೆ ಚಾಲನೆಯಲ್ಲಿದೆ. ಏನಾಗಿರಬಹುದು?

ಡಿಎನ್‌ಎಸ್ ಎಂಜಿನಿಯರ್: ನೀವು ಹೇಳಿದ ಲಕ್ಷಣಗಳು ನನ್ನನ್ನು ಚಿಂತೆಗೀಡುಮಾಡಿವೆ. ಇದು ರಿಸಾಲ್ವರನ್ನು ಲೆಕ್ಕದಲ್ಲಿ ಮುಳುಗಿಸಿಬಿಡುವ ಕೀಟ್ರ್ಯಾಪ್ ದಾಳಿಯೇ ಎಂದು ಪ್ಯಾಕೆಟ್ ನೋಡದೆ ಹೇಳಲಾರೆ. ಆದರೆ ಆ ದಾಳಿಗೆ ದಾರಿಯಾಗುವ ದೋಷ ನಿಮ್ಮ ಆವೃತ್ತಿಯಲ್ಲಿ ಇದೆ. ಫೆಬ್ರವರಿ 13ರಂದು ಬಹಿರಂಗವಾದ ಸಿವಿಇ-2023-50387 ಅದು (ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಗುರುತು ಸಂಖ್ಯೆ). ಜರ್ಮನಿಯ ಸೈಬರ್ ಸುರಕ್ಷತಾ ಸಂಶೋಧನಾ ಕೇಂದ್ರ ಅಥೆನೆಯ ಸಂಶೋಧಕರು ಕಂಡುಹಿಡಿದದ್ದು. ಡಿಎನ್‌ಎಸ್‌ಸೆಕ್‌ನಲ್ಲಿ ಸಹಿ ಪರಿಶೀಲಿಸಲು ಬಳಸುವ ಪ್ರತಿ ಕೀಲಿಗೂ 16 ಬಿಟ್ಟಿನ ಒಂದು ಗುರುತು ಸಂಖ್ಯೆ ಇರುತ್ತದೆ. ಬೇರೆ ಬೇರೆ ಕೀಲಿಗಳಿಗೆ ಒಂದೇ ಸಂಖ್ಯೆ ಬರಬಹುದಾದ್ದರಿಂದ, ಸಹಿ ಹೊಂದುವವರೆಗೆ ಅಂಥ ಕೀಲಿಗಳನ್ನೆಲ್ಲ ಪ್ರಯತ್ನಿಸಿ ನೋಡಬೇಕೆಂದು ಮಾನದಂಡವೇ ವಿಧಿಸುತ್ತದೆ, ಮತ್ತು ಈ ವಿಧಿಯ ಬೇರು 1999ರ ಆರ್‌ಎಫ್‌ಸಿ 2535 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿದೆ. ದಾಳಿಕೋರ ತನ್ನದೇ ಡೊಮೇನಿನಲ್ಲಿ ಒಂದೇ ಗುರುತಿನ 500 ಕೀಲಿಗಳನ್ನೂ ಯಾವುದಕ್ಕೂ ಹೊಂದದ 300 ಸಹಿಗಳನ್ನೂ ಇಟ್ಟನೆಂದುಕೊಳ್ಳಿ. ಒಂದೇ ಉತ್ತರಕ್ಕಾಗಿ ನಿಮ್ಮ ಸರ್ವರ್ ಒಂದೂವರೆ ಲಕ್ಷ ಸಲ ಸಹಿ ಪರಿಶೀಲಿಸಬೇಕಾಗುತ್ತದೆ. ಒಂದೇ ಪ್ಯಾಕೆಟ್ಟಿನಿಂದ ಬೈಂಡ್ 16 ಗಂಟೆಗಳವರೆಗೆ ಸಿಕ್ಕಿಕೊಂಡದ್ದನ್ನು ಆ ಸಂಶೋಧಕರು ಪ್ರಯೋಗದಲ್ಲಿ ತೋರಿಸಿದ್ದಾರೆ. ಟ್ರಾಫಿಕ್ ಗ್ರಾಫ್‌ನಲ್ಲಿ ನಿಮಗೆ ಏನೂ ಕಾಣದಿರುವುದಕ್ಕೆ ಇದು ಕಾರಣವಾಗಿರಬಹುದು.

ಇಂದೇ 9.18.24ಕ್ಕೆ ಹೋಗಿ. 9.16.48ರಲ್ಲೂ ಪರಿಹಾರವಿದೆ, ಆದರೆ 9.16 ಸರಣಿಯ ಬೆಂಬಲ ಮುಂದಿನ ತಿಂಗಳು, 2024ರ ಏಪ್ರಿಲ್‌ನಲ್ಲಿ, ಮುಗಿಯುತ್ತದೆ. ಆ ಎರಡು ದಿನಗಳ ಕ್ವೆರಿ ಲಾಗ್ ಇದ್ದರೆ ದಯವಿಟ್ಟು ಅಳಿಸಬೇಡಿ.

ದಾವಣಗೆರೆಯ ಸದಸ್ಯ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವೊಂದು ಹೀಗಿದೆ: “ಕಾನ್ಫಿಗ್‌ನಲ್ಲಿ ಡಿಎನ್‌ಎಸ್‌ಸೆಕ್-ವ್ಯಾಲಿಡೇಶನ್ ನೋ ಎಂದು ಬರೆದು ರೀಸ್ಟಾರ್ಟ್ ಮಾಡಿ, ಕಾಯಂ ಪರಿಹಾರ.” ಇಷ್ಟು ಸುಲಭವಿರುವಾಗ ಆವೃತ್ತಿ ಬದಲಿಸುವ ಶ್ರಮವೇಕೆ?

ಡಿಎನ್‌ಎಸ್ ಎಂಜಿನಿಯರ್: ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಪರಿಹಾರವಿದು. ಹಾಗೆ ಬರೆದರೆ ಈ ದಾಳಿ ನಿಲ್ಲುವುದು ನಿಜ. ಜೊತೆಗೆ ನಕಲಿ ಉತ್ತರವನ್ನು ಗುರುತಿಸುವ ಶಕ್ತಿಯೂ ಹೋಗುತ್ತದೆ, ಮತ್ತು ಆ ಸಾಲನ್ನು ತೆಗೆಯಲು ಮುಂದೆ ಯಾರಿಗೂ ನೆನಪಾಗುವುದಿಲ್ಲ. ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ.

ಮಂಗಳೂರಿನ ಸದಸ್ಯೆ: ನಮ್ಮ ರಿಸಾಲ್ವರ್ ಫೈರ್‌ವಾಲ್‌ನ ಒಳಗಿದೆ, ಹೊರಗಿನವರ ಪ್ರಶ್ನೆಗಳನ್ನು ಸ್ವೀಕರಿಸುವುದೇ ಇಲ್ಲ. ನಾವು ಸುರಕ್ಷಿತರಲ್ಲವೇ?

ಡಿಎನ್‌ಎಸ್ ಎಂಜಿನಿಯರ್: ಅಲ್ಲ. ಪ್ರಶ್ನೆ ಒಳಗಿನಿಂದಲೇ ಏಳುತ್ತದೆ. ಬಂದ ಮಿಂಚಂಚೆಯ ವಿಳಾಸವನ್ನು ನಿಮ್ಮ ಮೇಲ್ ಸರ್ವರ್ ಪರಿಶೀಲಿಸಿದರೂ, ಪುಟವೊಂದರ ಚಿತ್ರವನ್ನು ಬ್ರೌಸರ್ ಹುಡುಕಿದರೂ ಸಾಕು.

ಬೆಂಗಳೂರಿನ ಸದಸ್ಯ: ಇಷ್ಟೆಲ್ಲ ಭಯಪಡಿಸುವ ಅಗತ್ಯವಿಲ್ಲ. ಲಿನಕ್ಸ್‌ನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ರೀಸ್ಟಾರ್ಟ್ ಆಲ್ವೇಸ್ ಎಂದು ಬರೆದರೆ ಸರ್ವರ್ ಬಿದ್ದರೂ ತಾನೇ ಏಳುತ್ತದೆ. ನಾನು ಹತ್ತು ವರ್ಷಗಳಿಂದ ಹೀಗೆಯೇ ನಡೆಸುತ್ತಿದ್ದೇನೆ.

ಮೈಸೂರಿನ ಸದಸ್ಯ: ಹತ್ತು ವರ್ಷ ನಡೆಸಿದವರಿಗೆ ಬೈಂಡ್‌ನ 2015ರ ಟಿಕೀ ದೋಷ ನೆನಪಿರಬೇಕಿತ್ತು. ಒಂದು ಪ್ಯಾಕೆಟ್ಟಿಗೆ ನೇಮ್‌ಡಿ ಬೀಳುತ್ತಿತ್ತು. ಎದ್ದ ಕೂಡಲೇ ಇನ್ನೊಂದು ಪ್ಯಾಕೆಟ್ ಬಂದರೆ ಮತ್ತೆ ಬೀಳುತ್ತಿತ್ತು.

ಬೆಂಗಳೂರಿನ ಸದಸ್ಯ: ಅದಕ್ಕೆ ಬೈಂಡ್ ಬಿಟ್ಟು ಅನ್‌ಬೌಂಡ್ ಎಂಬ ಬೇರೆ ರಿಸಾಲ್ವರ್ ಹಾಕಿ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ.

ಮೈಸೂರಿನ ಸದಸ್ಯ: ಕೀಟ್ರ್ಯಾಪ್ ದೋಷ ಸರಿಪಡಿಸಲೆಂದೇ ಅನ್‌ಬೌಂಡ್ 1.19.1 ಬಿಡುಗಡೆಯಾಗಿದೆ. ಓದದೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ.

ಬೆಂಗಳೂರಿನ ಸದಸ್ಯ: ನನಗೆ ಪಾಠ ಹೇಳುವ ಅಗತ್ಯವಿಲ್ಲ.

ಡಿಎನ್‌ಎಸ್ ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಮಾನದಂಡವನ್ನು ನಿಷ್ಠೆಯಿಂದ ಪಾಲಿಸಿದ್ದ ತಂತ್ರಾಂಶಗಳೆಲ್ಲ ಸಿಕ್ಕಿಕೊಂಡಿವೆ. ಪವರ್‌ಡಿಎನ್‌ಎಸ್ ರಿಕರ್ಸರ್ ಮತ್ತು ನಾಟ್ ರಿಸಾಲ್ವರ್ ಕೂಡ. ಸಿಸ್ಟಮ್‌ಡಿಯ ವಿಷಯದಲ್ಲಿ ಒಂದು ಮಾತು ಮುಖ್ಯ: ಟಿಕೀ ದೋಷದಲ್ಲಿ ಪ್ರೋಸೆಸ್ ಸಾಯುತ್ತಿತ್ತು, ಇಲ್ಲಿ ಅದು ಸಾಯದೆ ಲೆಕ್ಕದಲ್ಲಿ ಮುಳುಗಿರುತ್ತದೆ, ಹಾಗಾಗಿ ಎಬ್ಬಿಸಬೇಕೆಂದು ಸಿಸ್ಟಮ್‌ಡಿಗೆ ತಿಳಿಯುವುದೇ ಇಲ್ಲ. ಪ್ರೋಸೆಸ್ ಇದೆಯೇ ಎಂದು ನೋಡುವ ಬದಲು, ನಿಮಿಷಕ್ಕೊಮ್ಮೆ ಡಿಗ್ ಎಂಬ ಡಿಎನ್‌ಎಸ್ ಪರೀಕ್ಷಾ ಸಾಧನದಿಂದ ಒಂದು ಹೆಸರು ಕೇಳಿ, ಉತ್ತರ ಬಾರದಿದ್ದರೆ ಎಚ್ಚರಿಸುವ ವ್ಯವಸ್ಥೆ ಮಾಡಿಕೊಳ್ಳಿ.

ಬೆಳಗಾವಿಯ ಸದಸ್ಯ: ಫೈರ್‌ವಾಲ್‌ನ ಒಳಗಿದ್ದರೂ ಅಪಾಯವೇ, ಮೇಡಂ?

ಡಿಎನ್‌ಎಸ್ ಎಂಜಿನಿಯರ್: ಮೇಲೆ ಉತ್ತರಿಸಿದ್ದೇನೆ.

ಕಲಬುರಗಿಯ ಸದಸ್ಯೆ: ನಮ್ಮ ರೆಡ್ ಹ್ಯಾಟ್ 8ರಲ್ಲಿ ಬೈಂಡ್ ಆವೃತ್ತಿ 9.11.36 ಎಂದೇ ತೋರಿಸುತ್ತದೆ. ಇದು ಹಳೆಯದೆಂದು ಆಡಿಟರ್ ಆಕ್ಷೇಪಿಸಿದ್ದಾರೆ.

ಡಿಎನ್‌ಎಸ್ ಎಂಜಿನಿಯರ್: ರೆಡ್ ಹ್ಯಾಟ್‌ನವರು ಆವೃತ್ತಿ ಸಂಖ್ಯೆ ಬದಲಿಸದೆ ತಿದ್ದುಪಡಿಯನ್ನು ಮಾತ್ರ ಸೇರಿಸುತ್ತಾರೆ. ಅಪ್‌ಡೇಟ್ ಮಾಡಿದ ಮೇಲೆ ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆಯನ್ನು ಹುಡುಕಿ, ಸಿಕ್ಕರೆ ಆ ಸಾಲನ್ನೇ ಆಡಿಟರ್‌ಗೆ ತೋರಿಸಿ.

ತುಮಕೂರಿನ ಸದಸ್ಯ: ಮನೆಯ ರೌಟರ್‌ನಲ್ಲಿರುವ ಡಿಎನ್‌ಎಸ್‌ಮಾಸ್ಕ್‌ಗೂ ಇದು ತಗಲುತ್ತದೆಯೇ?

ದಾವಣಗೆರೆಯ ಸದಸ್ಯ: ಆವೃತ್ತಿಯ ಹೆಸರನ್ನು ಮರೆಮಾಡಿದರೆ ದಾಳಿಯಾಗುವುದಿಲ್ಲವೆಂದು ಇನ್ನೊಂದು ಸಂದೇಶ ಬಂದಿದೆ.

ಡಿಎನ್‌ಎಸ್ ಎಂಜಿನಿಯರ್: ದಾಳಿಕೋರ ನಿಮ್ಮ ಆವೃತ್ತಿಯನ್ನು ಕೇಳುವುದೇ ಇಲ್ಲ, ನೇರವಾಗಿ ಪ್ರಯತ್ನಿಸುತ್ತಾನೆ. ಇಂಥ ಸಂದೇಶಗಳನ್ನು ಇನ್ನು ಇಲ್ಲಿ ಹಾಕಬೇಡಿ.

ಹುಬ್ಬಳ್ಳಿಯ ಸದಸ್ಯ: ಮೇಡಂ, 9.18.24 ಹಾಕಿದೆವು. ಎರಡೂ ದಿನ ಸರ್ವರ್ ನಿಲ್ಲುವ ಸ್ವಲ್ಪ ಮೊದಲು ನಮ್ಮ ಮೇಲ್ ಸರ್ವರ್ ಒಂದೇ ಅಪರಿಚಿತ ಡೊಮೇನನ್ನು ಕೇಳಿರುವುದು ಲಾಗ್‌ನಲ್ಲಿ ಸಿಕ್ಕಿದೆ.

ಡಿಎನ್‌ಎಸ್ ಎಂಜಿನಿಯರ್: ಆ ಹೆಸರನ್ನು ಗುಂಪಿನಲ್ಲಿ ಬರೆಯಬೇಡಿ, ಯಾರಾದರೂ ಪರೀಕ್ಷಿಸಲು ಹೊರಟಾರು. ನನಗೆ ಪ್ರತ್ಯೇಕವಾಗಿ ಕಳುಹಿಸಿ, ಇಂದು ರಾತ್ರಿಯೇ ನೋಡುತ್ತೇನೆ.