ಓಕಿನಾವಾದ ಗುಡ್ಡದ ಕೋಟೆ: ಆಯಿನ ಕರ್ಕೊಂಡು ಯಾವ್ದಕ್ಕೆ ಹೋಗ್ಲಿ?

ಸದಾಶಿವಗಡದವ:
ಎಲ್ರಿಗೂ ನಮಸ್ಕಾರ. ತಂಗಿ ಜಪಾನಲ್ಲಿದ್ದಾಳೆ, ಫೆಬ್ರವರಿ ಮೊದಲ ವಾರ ನಾನು ಆಯಿ ಹೋಗೋರಿದ್ದೇವೆ, ಅದ್ರಲ್ಲಿ ಮೂರು ದಿನ ಓಕಿನಾವಾ. ಅಲ್ಲಿ ಹಳೇ ರ‍್ಯೂಕ್ಯೂ ರಾಜ್ಯದ ಕೋಟೆಗಳಿವೆ, ಗುಸುಕು ಅಂತಾರೆ, 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ನಂಗೆ ಕತ್ಸುರೆನ್ ನೋಡ್ಬೇಕು ಅಂತ ಭಾಳ ಆಸೆ, ಆದ್ರೆ ಆಯಿಗೆ ಮೊಣಕಾಲು ನೋವು, ಮಿರ್ಜಾನ್ ಕೋಟೆ ಮೆಟ್ಟಿಲಲ್ಲೇ ಎರಡು ಸಲ ಕೂತಿದ್ರು. ಹೋಗಿ ಬಂದವ್ರು ಹೇಳಿ.

ಶಿರಸಿಯವಳು:
ಕತ್ಸುರೆನ್ ಬೇಡ ಮಾರಾಯ್ರೆ, ಮೆಟ್ಟಿಲು ಕಡಿದಾಗಿದೆ, ಮಳೆ ಬಂದ್ರೆ ಕಲ್ಲು ಜಾರ್ತದೆ. ನೀವೊಬ್ರೇ ಹತ್ತಿ ಬನ್ನಿ, ಮೇಲೆ ನಿಂತ್ರೆ ಸಮುದ್ರ ಏನ್ ಚಂದ ಕಾಣ್ತದೆ ಅಂತೀರಿ, ಅಮಾವರಿ ಅನ್ನೋ ದೊರೆ 1458ರಲ್ಲಿ ಸೋಲೋ ತನಕ ಅಲ್ಲಿಂದ್ಲೇ ವ್ಯಾಪಾರ ನಡೆಸ್ತಿದ್ದ, ಅಗೆದಾಗ ರೋಮನ್ ನಾಣ್ಯ ಕೂಡ ಸಿಕ್ಕಿವೆ! ಆಯಿಗೆ ಜಾಕಿಮಿ ಸರಿ, ಸಣ್ಣ ಕೋಟೆ, ಟಿಕೆಟ್ ಇಲ್ಲ, ಓಕಿನಾವಾದ ರಾಜಧಾನಿ ನಾಹಾದಿಂದ ಕಾರಲ್ಲಿ ತಾಸಿನ ದಾರಿ. ಅಲ್ಲಿಯ ಬಾಗಿಲ ಕಮಾನನ್ನ ತಲೆಯೆತ್ತಿ ನೋಡಿ, ಎರಡು ದೊಡ್ಡ ಕಲ್ಲು ಕೂಡೋ ಜಾಗದಲ್ಲಿ ಬೆಣೆ ಹಾಗೆ ಒಂದು ಚಿಕ್ಕ ಕಲ್ಲು ಸಿಕ್ಕಿಸಿದ್ದಾರೆ. ನಾನು ಅದ್ರ ಕೆಳಗೆ ಎಷ್ಟೋ ಹೊತ್ತು ನಿಂತಿದ್ದೆ.

ಕುಮಟಾದ ಮೇಷ್ಟ್ರು:
ಶಿರಸಿ ತಂಗಿ ಹೇಳಿದ್ದು ಸರಿ, ಆದ್ರೂ ನಾಕಿಜಿನ್ ಕೋಟೆ ಬಿಡ್ಬೇಡಿ. ದೂರ ಹೌದು, ನಾಹಾದಿಂದ ಎರಡು ತಾಸು ಹಿಡೀತದೆ, ಆದ್ರೆ ನೀವು ಹೋಗೋ ಹೊತ್ತಿಗೆ ಅಲ್ಲಿ ಚೆರ‍್ರಿ ಹೂವು, ಗೋಡೆ ಸುಮಾರು ಒಂದೂವರೆ ಕಿಲೋಮೀಟರ್, ಗುಡ್ಡ ಹ್ಯಾಗೆ ಬಳುಕ್ತದೋ ಹಾಗೇ ಬಳುಕ್ತದೆ. ಗಾರೆ ಹಾಕಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ನಮ್ಮ ಚಿರೆಕಲ್ಲಿನ ಹಾಗೆ ತೂತು ತೂತಲ್ಲ, ಅದು ಭಾಳ ಹಳೇ ಕಾಲದ ಗಟ್ಟಿ ಸುಣ್ಣದಕಲ್ಲು. ಒಳಗೆ ಉತಾಕಿ ಅಂತ ದೇವರ ಜಾಗ ಇವೆ, ಹಿಂದೆ ನೋರೊ ಅನ್ನೋ ಹೆಂಗಸ್ರೇ ಅಲ್ಲಿ ಪೂಜೆ ಮಾಡ್ತಿದ್ರು, ಈಗ್ಲೂ ಜನ ಕೈಮುಗೀತಾರೆ. ನಮ್ಮ ಚೌಡಿಬನದಲ್ಲಿ ಇರೋ ಹಾಗೆ ಇರಿ, ಒಂದು ಕಲ್ಲೂ ಎತ್ತಬೇಡಿ. ಕಾರು ನೀವೇ ಓಡಿಸೋದಾದ್ರೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಈಗ್ಲೇ ಮಾಡಿಸ್ಕೊಳ್ಳಿ.

ಸದಾಶಿವಗಡದವ:
ಭಾಳ ಉಪಕಾರ ಆಯ್ತು. ಮೊದಲ ದಿನ ಜಾಕಿಮಿ, ಮಾರನೇ ದಿನ ನಾಕಿಜಿನ್. ಹೂವಿನ ವಿಷಯ ಹೇಳಿದ್ದೇ ತಡ, ಆಯಿ ಊರುಗೋಲು ತರಿಸು ಅಂದ್ರು. ಕತ್ಸುರೆನ್‌ಗೆ ಮೂರನೇ ದಿನ ಬೆಳಿಗ್ಗೆ ನಾನೊಬ್ನೇ ಹೋಗ್ತೇನೆ.