ಟೆನ್ಷನ್‌ನಿಂದ ಶುಗರ್ ಏರುತ್ತದೆ ಅನ್ನುವುದು ನಿಜಾನಾ, ಸುಮ್ನೆ ಹೇಳುವ ಮಾತಾ?

ಬೆರಳುತುದಿ

ಟೈಪ್ 2 ಶುಗರ್ ಬಂದು ಆರು ವರ್ಷ. ಮೆಟ್‌ಫಾರ್ಮಿನ್ ಮಾತ್ರೆಯೊಂದೇ, ಇನ್ಸುಲಿನ್ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯ ರೀಡಿಂಗ್ 110ರಿಂದ 125ರ ಮಧ್ಯೆ ಇರುತ್ತಿತ್ತು, ದಿನಾ ಡೈರಿಯಲ್ಲಿ ಬರೆದಿಡುತ್ತೇನೆ. ಕಳೆದ ವಾರ ಆಫೀಸಿನಲ್ಲಿ ಆಡಿಟ್ ಶುರುವಾಯಿತು. ನಿದ್ದೆ ಸರಿಯಾಗಿಲ್ಲ. ಊಟ ಅದೇ, ಮಾತ್ರೆ ಅದೇ, ಸಂಜೆ ನಡೆಯುವುದು ಒಂದೇ ಒಂದು ದಿನ ತಪ್ಪಿತು. ಆದರೆ ರೀಡಿಂಗ್ ನೋಡಿ: ಸೋಮವಾರ 118, ಮಂಗಳವಾರ 121, ಬುಧವಾರ 164, ಗುರುವಾರ 189, ಶುಕ್ರವಾರ 172. ಗುರುವಾರ ಮೀಟರೇ ಕೆಟ್ಟಿರಬೇಕು ಅಂತ ಕೈ ತೊಳೆದು, ಒರೆಸಿ, ಇನ್ನೊಂದು ಬೆರಳಿಗೆ ಚುಚ್ಚಿದೆ. 186 ಬಂತು. ಅವತ್ತು ಮಧ್ಯಾಹ್ನ ಊಟ ಆಗಿ ಎರಡು ಗಂಟೆಗೆ 268.

ಡಾಕ್ಟರನ್ನು ಕೇಳಿದರೆ "ಟೆನ್ಷನ್ ಮಾಡ್ಕೋಬೇಡಿ" ಅಂದರು. ಅಷ್ಟೇ. ಎರಡು ನಿಮಿಷವೂ ಆಗಲಿಲ್ಲ. ನಾನೇನು ಬೇಕು ಅಂತ ಮಾಡ್ಕೊಳ್ತೀನಾ? ಬೇಜಾರು ಮನಸ್ಸಿಗೆ ಆಗುವುದು, ಅದು ರಕ್ತದಲ್ಲಿ ಸಕ್ಕರೆ ಆಗುವುದು ಹೇಗೆ? ಇದರ ಮೇಲೆ ಯಾರಾದರೂ ನಿಜವಾಗಿ ಸಂಶೋಧನೆ ಮಾಡಿದ್ದಾರಾ, ಇಲ್ಲ ಉತ್ತರ ಗೊತ್ತಿಲ್ಲದಾಗ ಹೇಳುವ ಮಾತಾ? ಇನ್ನೊಂದು ವಿಷಯ, ಫೋನ್ ತೆರೆದರೆ ಸಾಕು, ಕಾರ್ಟಿಸಾಲ್ ಇಳಿಸುವ ಪುಡಿ ಅಂತ ಜಾಹೀರಾತು ಬರುತ್ತಿದೆ. ಅದರಿಂದ ಏನಾದರೂ ಉಪಯೋಗ ಇದೆಯಾ?

(ಭುಜ ಹಿಡಿದುಕೊಂಡಿದೆ, ಮಂಗಳವಾರ ಸಂಜೆ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಬೈಯಬೇಡಿ.)

ಪಾಠದ ಮೇಷ್ಟ್ರು

ಬೇಜಾರು ಸಕ್ಕರೆ ಆಗುವುದಿಲ್ಲ. ನಿಮ್ಮ ಲಿವರ್‌ನಲ್ಲಿ ಮೊದಲೇ ಕೂಡಿಟ್ಟಿದ್ದ ಸಕ್ಕರೆ ಹೊರಗೆ ಬರುತ್ತದೆ. ನಾನು ಫಿಸಿಯಾಲಜಿ ಪಾಠ ಮಾಡುವವನು, ಈ ಪ್ರಶ್ನೆ ಪ್ರತಿ ವರ್ಷ ಕ್ಲಾಸಿನಲ್ಲಿ ಬರುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಆದರೆ ತಡೆದುಕೊಳ್ಳಿ.

ಗಾಬರಿ ಆದಾಗ ಕಿಡ್ನಿಯ ಮೇಲೆ ಟೋಪಿ ಥರ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಬಿಡುತ್ತದೆ. ನಿಮಿಷಗಳಲ್ಲೇ ಲಿವರ್ ತನ್ನ ಗ್ಲೈಕೋಜನ್ ಒಡೆದು ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಸಾಲದು ಅಂತ ಅದೇ ಅಡ್ರಿನಲಿನ್ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಬರುವುದನ್ನೂ ತಡೆಯುತ್ತದೆ. ಕಾರ್ಟಿಸಾಲ್ ಅದೇ ಗ್ರಂಥಿಯದ್ದೇ, ಆದರೆ ನಿಧಾನ, ಗಂಟೆಗಟ್ಟಲೆ ನಡೆಯುವ ಕೆಲಸ. ಸ್ನಾಯುವಿನ ಪ್ರೋಟೀನ್ ಒಡೆಸಿ ಲಿವರ್ ಕೈಲಿ ಹೊಸ ಗ್ಲೂಕೋಸ್ ಮಾಡಿಸುತ್ತದೆ, ಇನ್ಸುಲಿನ್ ಹೇಳಿದ್ದನ್ನು ಸ್ನಾಯು ಕೇಳದ ಹಾಗೆ ಮಾಡುತ್ತದೆ. ಶುಗರ್ ಇಲ್ಲದವರಿಗೂ ಇದೆಲ್ಲ ಆಗುತ್ತದೆ, ಅವರ ಪ್ಯಾಂಕ್ರಿಯಾಸ್ ಇನ್ನೊಂದಿಷ್ಟು ಇನ್ಸುಲಿನ್ ಬಿಟ್ಟು ಸರಿಮಾಡಿಕೊಳ್ಳುತ್ತದೆ. ಟೈಪ್ 2 ಇರುವವರಿಗೆ ಆ ಶಕ್ತಿ ಕಡಿಮೆ.

ಸಂಶೋಧನೆ ಇದೆಯಾ ಅಂದಿರಲ್ಲ, ನೂರು ವರ್ಷಕ್ಕೂ ಹಳೆಯದು. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1911ರಲ್ಲಿ ಬೆಕ್ಕುಗಳನ್ನು ಗಾಬರಿಪಡಿಸಿ ನೋಡಿದರು, ಮೂತ್ರದಲ್ಲಿ ಸಕ್ಕರೆ ಬಂತು. ಅಡ್ರಿನಲ್ ಗ್ರಂಥಿ ತೆಗೆದ ಬೆಕ್ಕುಗಳಲ್ಲಿ ಬರಲಿಲ್ಲ. ಅಲ್ಲಿಗೆ ದಾರಿ ಯಾವುದು ಅಂತ ಗೊತ್ತಾಯಿತು. ಆಮೇಲೆ ಫುಟ್‌ಬಾಲ್ ಆಟಗಾರರನ್ನು ಪರೀಕ್ಷೆ ಮಾಡಿದರು. ಮ್ಯಾಚ್ ಮುಗಿದ ಮೇಲೆ ಕೆಲವರ ಮೂತ್ರದಲ್ಲಿ ಸಕ್ಕರೆ ಇತ್ತು, ತಮಾಷೆ ಏನೆಂದರೆ ಅವರಲ್ಲಿ ಕೆಲವರು ಆಡಿಯೇ ಇರಲಿಲ್ಲ, ನನ್ನನ್ನು ಯಾವಾಗ ಕರೀತಾರೋ ಅಂತ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದವರು! ನನಗೆ ಬಹಳ ಇಷ್ಟವಾದ ಪ್ರಯೋಗ ಇದು.

ಇನ್ನೊಂದು ಕಡೆಯಿಂದಲೂ ಇದೇ ಗೊತ್ತಾಯಿತು. ಅರ್ಜೆಂಟೀನಾದ ಬೆರ್ನಾರ್ಡೊ ಹೌಸೆ ಪ್ಯಾಂಕ್ರಿಯಾಸ್ ತೆಗೆದ ಪ್ರಾಣಿಗಳಲ್ಲಿ ಪಿಟ್ಯುಟರಿ ಗ್ರಂಥಿಯನ್ನೂ (ಮಿದುಳಿನ ಬುಡದಲ್ಲಿ ಕೂತು ಅಡ್ರಿನಲ್‌ಗೂ ಅಪ್ಪಣೆ ಕೊಡುವುದು ಇದೇ) ತೆಗೆದರೆ ಶುಗರ್ ಕಾಯಿಲೆ ಹಗುರ ಆಗುವುದನ್ನು ತೋರಿಸಿದರು, 1947ರಲ್ಲಿ ನೊಬೆಲ್ ಬಂತು. 1936ರಲ್ಲಿ ಲಾಂಗ್ ಮತ್ತು ಲೂಕೆನ್ಸ್ ಅನ್ನುವವರು ಬೆಕ್ಕುಗಳಲ್ಲಿ ಅಡ್ರಿನಲ್ ತೆಗೆದಾಗಲೂ ಹಾಗೇ ಆಯಿತು. ಅಂದರೆ ಶುಗರ್ ಬರೀ ಇನ್ಸುಲಿನ್ ಕಡಿಮೆ ಆಗಿದ್ದರಿಂದ ಅಲ್ಲ. ಅದರ ಎದುರು ನಿಂತು ಎಳೆಯುವ ಹಾರ್ಮೋನ್‌ಗಳೂ ಇವೆ, ಹಗ್ಗಜಗ್ಗಾಟ ಅಂದುಕೊಳ್ಳಿ.

ಟೈಪ್ ಒಂದರವಳು

ಮೇಷ್ಟ್ರೇ, ಬೆಕ್ಕಿನ ಕಥೆ ಚೆನ್ನಾಗಿದೆ, ಆದರೆ ಮನುಷ್ಯರಲ್ಲಿ ಇಷ್ಟು ಸರಾಗ ಅಲ್ಲ. ನನಗೆ ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ಸಾಕಷ್ಟು ಆಗದ ಥರದ್ದು, ಸ್ಕೂಲಿನಲ್ಲಿದ್ದಾಗಿಂದ. ಇಂಟರ್‌ವ್ಯೂಗೆ ಹೋದಾಗ ನನ್ನದು ಏರುತ್ತದೆ. ತಮಾಷೆ ಅಂದರೆ ಜಗಳ ಆಡಿದ ದಿನ ಇಳಿಯುತ್ತದೆ, ಯಾಕೆಂದರೆ ಸಿಟ್ಟಿನಲ್ಲಿ ಊಟ ಬಿಟ್ಟಿರುತ್ತೇನೆ, ಇಲ್ಲ ಮನೆ ಪೂರ್ತಿ ಗುಡಿಸಿ ಒರೆಸಿರುತ್ತೇನೆ.

1986ರಲ್ಲಿ ಜರ್ಮನಿಯವರು ಟೈಪ್ 1 ಇರುವವರಿಗೆ ಬಾಯಿಲೆಕ್ಕ ಕೊಟ್ಟು, ಜನರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿ ನೋಡಿದರು. ಎದೆ ಬಡಿತ ಏರಿತು, ಒತ್ತಡದ ಹಾರ್ಮೋನ್ ಏರಿತು, ಗ್ಲೂಕೋಸ್ ಹೇಳಿಕೊಳ್ಳುವಷ್ಟು ಅಲ್ಲಾಡಲಿಲ್ಲ. 2005ರಲ್ಲಿ ಇನ್ನೊಂದು ತಂಡ ಅಂಥದ್ದೇ ಪರೀಕ್ಷೆಯನ್ನು ಎರಡು ಥರ ಮಾಡಿತು, ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟ ಆದ ಮೇಲೆ ಒಮ್ಮೆ. ಖಾಲಿ ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಊಟ ಆದ ಮೇಲಾದರೆ ಏರಿದ ಸಕ್ಕರೆ ಇಳಿಯುವುದು ತಡ ಆಯಿತು. ಆದ್ದರಿಂದ ಯಾರಾದರೂ "ಸ್ಟ್ರೆಸ್ ಆದರೆ ಏರೇ ಏರುತ್ತೆ" ಅಂದರೆ ನಾನು ಒಪ್ಪುವುದಿಲ್ಲ. ಯಾರಿಗೆ, ಎಷ್ಟು ಹೊತ್ತಿನ ಒತ್ತಡ, ಊಟಕ್ಕೆ ಮುಂಚೆಯಾ ಆಮೇಲಾ, ಎಲ್ಲ ನೋಡಬೇಕು.

ಪಾಠದ ಮೇಷ್ಟ್ರು

ಒಪ್ಪಿದೆ. ಟೈಪ್ 2ನಲ್ಲಿ ಏರುವುದು ಜಾಸ್ತಿ ಕಾಣುತ್ತದೆ, ಆದರೆ ಅಲ್ಲೂ ಎಲ್ಲರಿಗೂ ಒಂದೇ ಥರ ಅಲ್ಲ.

ನೈಟ್ ಡ್ಯೂಟಿ

ನಾನು ನರ್ಸ್, ಶುಗರ್ ಇರುವವರಿಗೆ ತಿಳಿಹೇಳುವ ಕೆಲಸವೂ ನನ್ನದೇ. "ಟೆನ್ಷನ್ ಮಾಡ್ಕೋಬೇಡಿ" ಅನ್ನುವ ಮಾತಿಗೆ ನನಗೂ ಕೋಪ ಬರುತ್ತದೆ. ಹೇಗೆ ಅಂತ ಹೇಳಿಕೊಡದಿದ್ದರೆ ಅದು ಚಿಕಿತ್ಸೆ ಅಲ್ಲ.

ಹೇಗೆ ಅಂತ ಹೇಳಿಕೊಟ್ಟು ಅಳತೆ ಮಾಡಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಸರ್ವಿಟ್. ಮನಶ್ಶಾಸ್ತ್ರಜ್ಞ, ಆದರೆ ಕೆಲಸವೆಲ್ಲ ಶುಗರ್ ಮೇಲೆ. ಮೊದಲು ಇಲಿಗಳಲ್ಲಿ ಒತ್ತಡ, ಆಹಾರ, ಸಕ್ಕರೆ ಇವುಗಳ ಸಂಬಂಧ ನೋಡಿದರು, ಆಮೇಲೆ ಜನರಿಗೆ ಬಂದರು. 2002ರಲ್ಲಿ ಬಂದ ಅವರ ಅಧ್ಯಯನದಲ್ಲಿ ಟೈಪ್ 2 ಇರುವ 108 ಜನ. ಎಲ್ಲರಿಗೂ ಶುಗರ್ ಬಗ್ಗೆ ಪಾಠ, ಅದರಲ್ಲಿ ಒಂದು ಗುಂಪಿಗೆ ಒತ್ತಡ ನಿಭಾಯಿಸುವ ತರಬೇತಿಯೂ ಸೇರಿತ್ತು. ವಾರಕ್ಕೊಂದರಂತೆ ಐದೇ ಕ್ಲಾಸು. ಒಂದು ವರ್ಷ ಆದ ಮೇಲೆ ತರಬೇತಿ ಪಡೆದವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ, ಶೇಕಡದಲ್ಲಿ) ಸುಮಾರು 0.5 ಕಡಿಮೆ ಇತ್ತು. ಕೇಳಲು ಚಿಕ್ಕದು. ಆದರೆ ಕೆಲವು ಮಾತ್ರೆಗಳು ಇಳಿಸುವುದೂ ಸುಮಾರು ಅಷ್ಟೇ. ಇನ್ನೂ ಒಂದು ವಿಷಯ, ಬಹಳ ಆತಂಕದ ಸ್ವಭಾವದವರಿಗೆ ಬೇರೆಯವರಿಗಿಂತ ಜಾಸ್ತಿ ಲಾಭ ಆಗಲಿಲ್ಲ. "ನಾನು ಟೆನ್ಷನ್ ಪಾರ್ಟಿ ಅಲ್ಲ, ನನಗೆ ಬೇಡ" ಅನ್ನುವ ಹಾಗಿಲ್ಲ.

ಆ ತರಬೇತಿಯಲ್ಲಿ ಮುಖ್ಯವಾದದ್ದು ಇದು. ಕೂತುಕೊಳ್ಳಿ. ಬಲ ಮುಷ್ಟಿ ಬಿಗಿ ಹಿಡಿಯಿರಿ, ಮೊಣಕೈವರೆಗೆ ಎಳೆತ ಗೊತ್ತಾಗಬೇಕು. ಐದಾರು ಸೆಕೆಂಡ್. ಒಮ್ಮೆಲೇ ಬಿಡಿ. ಬೆರಳಿಗೆ ಬೆಚ್ಚಗೆ ರಕ್ತ ಬರುವುದನ್ನು ಗಮನಿಸಿ, ಅವಸರ ಬೇಡ. ಆಮೇಲೆ ಎಡಗೈ, ಹಣೆ, ದವಡೆ, ಹೊಟ್ಟೆ, ಕಾಲು. ನನ್ನ ಪೇಷಂಟ್‌ಗಳಲ್ಲಿ ಅರ್ಧ ಜನ ದವಡೆ ಬಿಡುವಾಗ "ಅಯ್ಯೋ ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡೇ ಇದ್ನಾ" ಅನ್ನುತ್ತಾರೆ.

ಇನ್ನು ನಿಮ್ಮ ವಿಷಯ. ನಿಮ್ಮ ಪೋಸ್ಟಿನ ಕೊನೆಯ ಸಾಲನ್ನು ಯಾರೂ ಓದಿದ ಹಾಗಿಲ್ಲ. ಭುಜಕ್ಕೆ ಯಾವ ಇಂಜೆಕ್ಷನ್? ಮಂಗಳವಾರ ಸಂಜೆ ಹಾಕಿಸಿಕೊಂಡಿರಿ, ಬುಧವಾರ ಬೆಳಿಗ್ಗೆಯಿಂದ ಏರಿದೆ. ಅದು ಸ್ಟಿರಾಯ್ಡ್ ಆಗಿದ್ದರೆ ಆಡಿಟ್ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಚೀಟಿ ತೆಗೆದು ನೋಡಿ.

ಬೆರಳುತುದಿ

ನೋಡಿದೆ. ಟ್ರಯಾಮ್ಸಿನೊಲೋನ್ 40 ಮಿಗ್ರಾಂ. ಇದು ಸ್ಟಿರಾಯ್ಡಾ? ನೋವಿನ ಇಂಜೆಕ್ಷನ್ ಅಂದರು ಅಷ್ಟೇ. ಶುಗರ್ ಇದೆಯಾ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶುಗರ್ ಡಾಕ್ಟರಿಗೂ ಭುಜದ ವಿಷಯ ಹೇಳಿರಲಿಲ್ಲ.

ನೈಟ್ ಡ್ಯೂಟಿ

ಹೌದು, ಸ್ಟಿರಾಯ್ಡೇ. ಕಾರ್ಟಿಸಾಲ್‌ನ ಹತ್ತಿರದ ನೆಂಟ, ಅದಕ್ಕಿಂತ ಜೋರು. ಕೀಲಿಗೆ ಹಾಕಿದರೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಶುಗರ್ ಇರುವವರಲ್ಲಿ ಕೆಲವು ದಿನ ಏರಿಸುತ್ತದೆ, ಸಾಮಾನ್ಯವಾಗಿ ಒಂದು ವಾರದ ಒಳಗೆ ತಾನಾಗಿ ಇಳಿಯುತ್ತದೆ. ಊಟ ಆದ ಮೇಲಿನ 268ಕ್ಕೂ ಅದೇ ಕಾರಣ ಇರಬಹುದು. ನೀವೇ ಮೆಟ್‌ಫಾರ್ಮಿನ್ ಜಾಸ್ತಿ ಮಾಡಿಕೊಳ್ಳಬೇಡಿ. ದಿನಕ್ಕೆ ಮೂರ್ನಾಲ್ಕು ಸಲ ಚೆಕ್ ಮಾಡಿ ಬರೆದಿಡಿ, 300ರ ಹತ್ತಿರ ಹೋದರೆ, ಬಾಯಾರಿಕೆ, ಮೂತ್ರ ಜಾಸ್ತಿ ಆದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಸಲ ಯಾರೇ ಇಂಜೆಕ್ಷನ್ ಕೈಗೆತ್ತಿಕೊಂಡರೂ ಮೊದಲು "ನನಗೆ ಶುಗರ್ ಇದೆ" ಅನ್ನಿ.

ಪಾಠದ ಮೇಷ್ಟ್ರು

ನನಗೆ ನಾಚಿಕೆ ಆಯಿತು. ಕಾರ್ಟಿಸಾಲ್ ಮೇಲೆ ಅಷ್ಟುದ್ದ ಪಾಠ ಹೇಳಿ, ಹೊರಗಿನಿಂದ ಬಂದ ಕಾರ್ಟಿಸಾಲ್ ಕಣ್ಣಿಗೇ ಬೀಳಲಿಲ್ಲ.

ಆ ಪುಡಿ ಬಿಟ್ಟುಬಿಡಿ. ಕಾರ್ಟಿಸಾಲ್ ಕೆಲಸವನ್ನು ನಿಜವಾಗಿ ತಡೆಯುವ ಔಷಧಿ ಇದೆ, ಮಿಫೆಪ್ರಿಸ್ಟೋನ್. ಗರ್ಭಪಾತಕ್ಕೆ ಕೊಡುವ ಅದೇ ಮಾತ್ರೆ. ಕಾರ್ಟಿಸಾಲ್ ವಿಪರೀತ ಆಗುವ ಕುಶಿಂಗ್ ಕಾಯಿಲೆಯಿಂದ ಶುಗರ್ ಏರಿದವರಿಗೆ ಅಂತ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಈಚೆಗೆ ಕ್ಯಾಟಲಿಸ್ಟ್ ಅನ್ನುವ ಅಧ್ಯಯನದಲ್ಲಿ, ಹಲವು ಔಷಧಿ ತೆಗೆದುಕೊಂಡರೂ ಶುಗರ್ ಹಿಡಿತಕ್ಕೆ ಬಾರದ ಸಾವಿರಕ್ಕೂ ಹೆಚ್ಚು ಟೈಪ್ 2 ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕಾರ್ಟಿಸಾಲ್ ಜಾಸ್ತಿ ಇರುವುದು ಕಂಡಿತು. ರಾತ್ರಿ 1 ಮಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ನುಂಗಿ ಬೆಳಿಗ್ಗೆ ರಕ್ತ ಕೊಡುವುದು, ಅದೇ ಪರೀಕ್ಷೆ; ಆಗಲೂ ಕಾರ್ಟಿಸಾಲ್ ಇಳಿಯದಿದ್ದರೆ ಜಾಸ್ತಿ ಇದೆ ಅಂತ ಲೆಕ್ಕ. ಅಧ್ಯಯನಕ್ಕೆ ದುಡ್ಡು ಹಾಕಿದ್ದು ಆ ಮಾತ್ರೆ ಮಾಡುವ ಕಂಪನಿಯೇ, ಅದನ್ನೂ ನೆನಪಿಟ್ಟುಕೊಂಡೇ ಓದಬೇಕು. ಒಂದೇ ಮಾತ್ರೆಯಲ್ಲಿ 120ರ ಆಸುಪಾಸು ಇದ್ದ ನಿಮಗೆ ಇದ್ಯಾವುದೂ ಬೇಡ.

ಟೈಪ್ ಒಂದರವಳು

ಮುಷ್ಟಿ ಬಿಗಿ ಹಿಡಿಯುವುದನ್ನು ನೋವಿರುವ ಭುಜದ ಕಡೆಗೆ ಮಾಡಬೇಡಿ ಮತ್ತೆ.

ಬೆರಳುತುದಿ

ಮಾಡಿ ಆಯಿತು, ಅನುಭವಿಸಿದೆ 😅 ಈಗ ಎಡಗೈಯಲ್ಲಿ ಮಾತ್ರ. ಎರಡೂ ಕಡೆಯ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಶನಿವಾರ 151, ಭಾನುವಾರ 139, ಇವತ್ತು ಬೆಳಿಗ್ಗೆ 126. ಆಡಿಟ್ ಇನ್ನೂ ಮುಗಿದಿಲ್ಲ.