ಸೌರ ಡಿಶ್‌ನ ಕೊಳವೆ ಮತ್ತೆ ಬಿರುಕು ಬಿಟ್ಟಿದೆ: 304 ಬಿಟ್ಟು 310 ಹಾಕಲೇ?

ತೀರ್ಥಹಳ್ಳಿ ತೋಟಿಗ:
ಮೆಣಸು ಒಣಗಿಸಲೆಂದು ಹಳೆಯ 1.8 ಮೀಟರ್ ಡಿಶ್ ಆಂಟೆನಾಕ್ಕೆ ಕನ್ನಡಿ ಚೂರು ಅಂಟಿಸಿ, ಸಂಗಮಬಿಂದುವಿನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಕೊಳವೆಯ ಸುರುಳಿ ಕೂರಿಸಿದ್ದೇನೆ. ಬ್ಲೋವರ್ ಅದರೊಳಗೆ ಗಾಳಿ ಊದುತ್ತದೆ. ಹೊರಬರುವ ಗಾಳಿ 280 ಡಿಗ್ರಿ. ಎರಡೇ ತಿಂಗಳಲ್ಲಿ ಕಪ್ಪು ಹಕ್ಕಳೆ ಎದ್ದು, ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಇದು ಎರಡನೆಯ ಸುರುಳಿ. 800 ಡಿಗ್ರಿ ತಡೆಯುವ ಲೋಹ 280ಕ್ಕೇ ಸೋಲುವುದೆಂದರೇನು? 310 ದರ್ಜೆಯದು ತರಿಸಲೇ, ನಿಕಲ್ ಮಿಶ್ರಲೋಹವಾದ ಇಂಕೊನೆಲ್‌ಗೇ ಕೈ ಹಾಕಲೇ? ಮೆಣಸು ಒಣಗಿಸಲು ಅಂಗಳ ಸಾಕೆಂದು ಮನೆಯಲ್ಲಿ ದಿನವೂ ಕೇಳುತ್ತಿದ್ದೇನೆ, ಇಲ್ಲಿಯೂ ಅದನ್ನೇ ಹೇಳಬೇಡಿ.

ಮಾಚೇನಹಳ್ಳಿ ಫೌಂಡ್ರಿ:
ಮಾರಾಯರೇ, 280 ಎನ್ನುವುದು ಗಾಳಿಯ ಬಿಸಿ, ಲೋಹದ್ದಲ್ಲ. ಗಾಳಿ ನೀರಿನಂತೆ ಶಾಖವನ್ನು ಹೊತ್ತೊಯ್ಯುವುದಿಲ್ಲ. ಬಿಸಿಲಿನ ಪ್ರಖರತೆಯಲ್ಲಿ ಕೊಳವೆ ಕೆಂಪಾದರೂ ಕಾಣದು. ಡಿಶ್ ಮೇಲೆ ತಾಡಪಾಲು ಎಳೆದ ಕ್ಷಣವೇ ಸುರುಳಿಯನ್ನು ನೋಡಿ. ಹಕ್ಕಳೆಗೆ ಅಯಸ್ಕಾಂತವನ್ನೂ ಹಿಡಿಯಿರಿ. ಅಂಟಿಕೊಂಡರೆ ಅದು ಕಬ್ಬಿಣದ ಆಕ್ಸೈಡ್, ಅಂದರೆ ಲೋಹವನ್ನು ಕಾಪಾಡಬೇಕಾದ ಕ್ರೋಮಿಯಂ ಆಕ್ಸೈಡ್ ಪದರ ಆಗಲೇ ಸೋತಿದೆ.

ತೀರ್ಥಹಳ್ಳಿ ತೋಟಿಗ:
ಅಂಟಿತು. ಕೊಳವೆಯ ಒಂದು ಮಗ್ಗುಲು ಕೆಂಡದಂತಿತ್ತು! ಅಂದಹಾಗೆ, ಇಲ್ಲಿ ಕರೆಂಟ್ ದಿನಕ್ಕೆ ಮೂರು ನಾಲ್ಕು ಸಲ ಹೋಗುತ್ತದೆ.

ಸಾಗರದ ಮೇಷ್ಟರು:
ಇದನ್ನು ಮೊದಲೇ ಹೇಳಬಾರದಿತ್ತೇ? ಕರೆಂಟ್ ಹೋದರೆ ಬ್ಲೋವರ್ ನಿಲ್ಲುತ್ತದೆ, ಸೂರ್ಯ ನಿಲ್ಲುವುದಿಲ್ಲ. ನಿಮ್ಮ ಡಿಶ್‌ನ ವಿಸ್ತೀರ್ಣ ಸುಮಾರು 2.5 ಚದರ ಮೀಟರ್. ಕನ್ನಡಿಯ ನಷ್ಟ ಕಳೆದು 1,400 ವ್ಯಾಟ್ ಎನ್ನೋಣ. ಅದು 8 ಸೆಂಟಿಮೀಟರ್ ಅಗಲದ ಚುಕ್ಕೆಗೆ ಬಿದ್ದರೆ, ಗಾಳಿ ಇಲ್ಲದ ಲೋಹ 1,000 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಡ. ಗಾಳಿಯಲ್ಲಿ ನಿರಂತರವಾಗಿ ಕಾಯ್ದರೆ 304ಕ್ಕೆ ಸುಮಾರು 925 ಡಿಗ್ರಿ ಮಿತಿ. ಕಾಯುತ್ತಾ ತಣಿಯುತ್ತಾ ಇದ್ದರೆ 870 ಮಾತ್ರ. ತಣಿದಾಗಲೆಲ್ಲ ಆಕ್ಸೈಡ್ ಸಿಡಿದು ಹೋಗುವುದೇ ಕಾರಣ. ಮೋಡ ಬಂದು ಸರಿಯುವ ನಮ್ಮ ಮಲೆನಾಡಿನ ಆಕಾಶಕ್ಕೆ ಎರಡನೆಯ ಲೆಕ್ಕವೇ ಸರಿ.

ಇನ್ನು ಬಿರುಕು. ಒಂದು ಮೀಟರ್ 304 ಕೊಳವೆ 700 ಡಿಗ್ರಿ ಹೆಚ್ಚು ಕಾದರೆ ಸುಮಾರು 13 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿಯನ್ನು ಚೌಕಟ್ಟಿಗೆ ಬೆಸೆದಿದ್ದೀರಾ?

ತೀರ್ಥಹಳ್ಳಿ ತೋಟಿಗ:
ಬೆಸೆದಿದ್ದೇನೆ. ಗಟ್ಟಿಯಾಗಿರಲಿ ಎಂದು.

ಸಾಗರದ ಮೇಷ್ಟರು:
ಹಿಗ್ಗಲು ಜಾಗವಿಲ್ಲದೆ ಬಿರಿಯುತ್ತಿದೆ, ಒಂದು ತುದಿಯನ್ನು ಜಾರಲು ಬಿಡಿ. ಲೋಹ ಬದಲಿಸುವುದು ಆಮೇಲಿನ ಮಾತು. ಕನ್ನಡಿಗಳಿಂದ ಗೋಪುರದ ತುದಿಗೆ ಬಿಸಿಲು ಹಾಯಿಸುವ ದೊಡ್ಡ ಸೌರ ಸ್ಥಾವರಗಳು ನೈಟ್ರೇಟ್ ಉಪ್ಪು ಕರಗಿಸಿ ಸುಮಾರು 565 ಡಿಗ್ರಿಗೆ ನಿಲ್ಲಿಸುತ್ತವೆ. 700 ದಾಟಲು ನಿಕಲ್ ಮಿಶ್ರಲೋಹ ಬೇಕೆಂದು ಸಂಶೋಧಕರೇ ತಿಣುಕಾಡುತ್ತಿದ್ದಾರೆ. ನಿಮಗೆ ಇಂಕೊನೆಲ್ ಬೇಡ, ದುಡ್ಡು ದಂಡ. 25 ಶೇಕಡಾ ಕ್ರೋಮಿಯಂ, 20 ಶೇಕಡಾ ನಿಕಲ್ ಇರುವ 310 ಸಾಕು.

ಮಾಚೇನಹಳ್ಳಿ ಫೌಂಡ್ರಿ:
ಡಿಶ್ ಅನ್ನು ವಿದ್ಯುತ್ಕಾಂತದಿಂದ ಹಿಡಿದು ನಿಲ್ಲಿಸಿ, ಹಿಂಬದಿಗೆ ಭಾರ ಕಟ್ಟಿ. ಕರೆಂಟ್ ಹೋದರೆ ಕಾಂತ ಬಿಡುತ್ತದೆ, ಡಿಶ್ ಸೂರ್ಯನಿಂದ ತಾನೇ ಮುಖ ತಿರುಗಿಸುತ್ತದೆ.

ತೀರ್ಥಹಳ್ಳಿ ತೋಟಿಗ:
ಮಾಡಿದೆ. ನಿನ್ನೆ ಮೂರು ಸಲ ಕರೆಂಟ್ ಹೋಯಿತು, ಮೂರು ಸಲವೂ ಡಿಶ್ ಮಗುಚಿಕೊಂಡಿತು. ಮೊದಲ ಸಲ ಕೆಳಗೆ ಮಲಗಿದ್ದ ನಾಯಿ ಓಡಿಹೋಯಿತು. 310 ಕೊಳವೆ ಬರಲಿದೆ. ನನ್ನಲ್ಲಿರುವ 308 ದರ್ಜೆಯ ವೆಲ್ಡಿಂಗ್ ರಾಡ್‌ನಿಂದಲೇ ಬೆಸೆಯಬಹುದೇ?

ಮಾಚೇನಹಳ್ಳಿ ಫೌಂಡ್ರಿ:
ಬೇಡ. 310 ರಾಡ್‌ ತನ್ನಿ.